ಖಾಲಿ ಜಾಗದಲ್ಲಿ ಸೈಕಲ್ ಮೇಲಿರುವವರು ನಮ್ಮಕ್ಕ

ನಗರ ಸೌಂದರ್ಯೀಕರಣ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮೂರ ದೊಡ್ಡ ಚೌಕದ ನಟ್ಟನಡುವೆ ತಾವು ಒಂದು ಗುಡ್ಡ ಕಟ್ಟಲು ಹೊರಟಿದ್ದೀರಿ. ಗುಡ್ಡ! ಏರು ಹತ್ತದೆ ಹಾಲು ತರಲಾಗದ, ಇಳಿಜಾರು ಇಳಿಯದೆ ಶಾಲೆ ಸೇರಲಾಗದ ಈ ಊರಿನಲ್ಲಿ ಸಮತಟ್ಟಾಗಿ ಉಳಿದಿರುವುದು ಅದೊಂದೇ ಬಯಲು. ಅದರ ಮೇಲೆ ಲಾರಿಗಟ್ಟಲೆ ಮಣ್ಣು ಸುರಿದು, ಮಣ್ಣಿನ ಮೇಲೆ ಹುಲ್ಲು ಹಾಸಿ, ಹುಲ್ಲನ್ನು ಯಾರೂ ತುಳಿಯದಂತೆ ಬೇಲಿ ಹಾಕಿ, ಬೇಲಿಯ ಸುತ್ತ ಸಿಮೆಂಟಿನ ಹೂಕುಂಡಗಳನ್ನು ಕಾವಲು ನಿಲ್ಲಿಸುವ ತಮ್ಮ ಯೋಜನೆಯನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ಅದು ನಿಜವೆಂದು ಗೊತ್ತಾಯಿತು. ಬರುವ ಸೋಮವಾರ ಗುತ್ತಿಗೆದಾರರು ಬರುತ್ತಾರಂತೆ. ಆದ್ದರಿಂದ ಈ ಪತ್ರ, ಅದೂ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ.

ಚೌಕದ ಮುಂದೆ ತಾವು ನಿಲ್ಲಿಸಿರುವ ಫಲಕ ನೋಡಲು ಎರಡು ಕಣ್ಣು ಸಾಲದು. ಎಡಗಡೆ 'ಈಗ', ಬಲಗಡೆ 'ಮುಂದೆ'. 'ಮುಂದೆ' ಎಂಬ ಚಿತ್ರದಲ್ಲಿ ಗುಡ್ಡವಿದೆ, ಗುಡ್ಡದ ಸುತ್ತ ಜನರಿದ್ದಾರೆ. ಯಾರವರು? ನಮ್ಮೂರಿನವರಂತೂ ಅಲ್ಲ. ಒಬ್ಬ ತಾಯಿ, ಒಂದು ಮಗು, ಕೈಯಲ್ಲಿ ಬಲೂನು. ಒಂದು ಮೂಲೆಯಲ್ಲಿ ಸೂರ್ಯನಿದ್ದರೂ ಯಾರಿಗೂ ನೆರಳಿಲ್ಲ. ನಾಯಿ ಹಿಡಿದ ಒಬ್ಬ ಮಹಾನುಭಾವ ಗುಡ್ಡದ ಈ ಕಡೆಯೂ ಇದ್ದಾನೆ, ಆ ಕಡೆಯೂ ಇದ್ದಾನೆ. ಕಂಪ್ಯೂಟರಿನಲ್ಲಿ ಅಂಟಿಸುವಾಗ ಆತನ ಮೇಲೆ ಯಾರಿಗೋ ಪ್ರೀತಿ ಹೆಚ್ಚಾಗಿರಬೇಕು. ಇನ್ನು 'ಈಗ' ಎಂಬ ಚಿತ್ರ: ವಿಶಾಲವಾದ ಕಲ್ಲುಹಾಸಿನ ನೆಲ, ಮೇಲೊಂದಿಷ್ಟು ಆಕಾಶ, ನಡುವೆ ಕಡ್ಡಿಯಷ್ಟು ಕಾಣುವ ಸೈಕಲ್ಲು, ಅದರ ಮೇಲೆ ಚುಕ್ಕಿಯಷ್ಟು ಕಾಣುವ ಒಬ್ಬ ಹೆಂಗಸು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ: 'ಬಳಕೆಯಿಲ್ಲದ ಖಾಲಿ ಜಾಗ'.

ಮಾನ್ಯರೇ, ಆ ಚುಕ್ಕಿ ನಮ್ಮಕ್ಕ.

ನಾನು ನಾಟಕದವರ ಮಗ. ಅಪ್ಪ ಮೂವತ್ತು ವರ್ಷ ರಾಜನಾಗಿದ್ದ, ಹೊಟ್ಟೆಗೆ ಕಡಿಮೆಯಾದ ದಿನಗಳಲ್ಲಿ ರಾಕ್ಷಸನೂ ಆಗುತ್ತಿದ್ದ. ನನ್ನ ತೊಟ್ಟಿಲು ಕಟ್ಟಿದ್ದು ಪರದೆಯ ಹಿಂದೆ. ಯುದ್ಧದ ದೃಶ್ಯದಲ್ಲಿ ಮಲಗಿ, ವಿರಹದ ದೃಶ್ಯದಲ್ಲಿ ಎದ್ದು ಅಳುತ್ತಿದ್ದೆನಂತೆ. ದನಿ ಅಪ್ಪನಿಂದ ಬಂದಿದೆ. ನಾನು ಪಿಸುಗುಟ್ಟಿದರೆ ಪಕ್ಕದ ಬೀದಿಯವರು 'ಏನಂದ್ರಿ?' ಎನ್ನುತ್ತಾರೆ. ಹೊಟ್ಟೆಪಾಡಿಗೆ ನಾಟಕದ ಪರದೆ ಬರೆಯುತ್ತೇನೆ: ಅರಮನೆ, ಕಾಡು, ಬೀದಿ, ಸೆರೆಮನೆ. ಈ ಕೆಲಸದಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಕಲಿತದ್ದು ಇಷ್ಟೇ. ಪರದೆ ಎಷ್ಟೇ ಚೆನ್ನಾಗಿರಲಿ, ರಂಗದ ನಡುವೆ ಹತ್ತು ಹೆಜ್ಜೆ ಜಾಗ ಬಿಡದಿದ್ದರೆ ರಾಜ ಎಲ್ಲಿಂದ ಬರಬೇಕು? ಬಂದವನು ಎಲ್ಲಿ ನಿಂತು ಅಬ್ಬರಿಸಬೇಕು? ಮೇಜು, ಕುರ್ಚಿ, ಕಂಬ ತುಂಬಿಸಿದ ರಂಗವನ್ನು ನಮ್ಮಲ್ಲಿ ಉಗ್ರಾಣ ಅನ್ನುತ್ತಾರೆ. ತಮ್ಮ ಇಲಾಖೆ ಅದಕ್ಕೆ ಸೌಂದರ್ಯ ಎಂಬ ಹೆಸರಿಟ್ಟಿದೆ.

ಈ ಚೌಕದ ನಡುವೆ ಏನಾದರೂ ಇಡಬೇಕೆಂಬ ಆಸೆ ಮೊದಲು ಬಂದದ್ದು ತಮಗೇನಲ್ಲ. ನಮ್ಮ ಹಿರಿಯರು ಹೇಳಿಕೊಂಡು ಬಂದದ್ದನ್ನು ಹೇಳುತ್ತೇನೆ, ಕೇಳಿ. ಈ ನೆಲವನ್ನು ಸಮ ಮಾಡಿಸಿದ್ದು ಒಬ್ಬ ಅರಸ. ತನ್ನ ಸೈನ್ಯವನ್ನೆಲ್ಲ ಒಂದೇ ನೋಟದಲ್ಲಿ ನೋಡಬೇಕೆಂಬ ಹುಚ್ಚು ಅವನಿಗೆ. ನೆಲ ಸಿದ್ಧವಾಯಿತು, ಅರಸ ಉಪ್ಪರಿಗೆಗೆ ಬಂದು ನಿಂತ, ಕಹಳೆ ಊದಿದರು, ಸೈನ್ಯ ಬಂತು. ಬಯಲಿನ ಒಂದು ಮೂಲೆಯೂ ತುಂಬಲಿಲ್ಲ! ಅರಸ ಅವಮಾನದಿಂದ ಒಳಗೆ ಹೋದನಂತೆ, ಸೈನಿಕರು ಬಿಸಿಲಿಗೆ ಹೆದರಿ ನೆರಳಿಗೆ ಹೋದರಂತೆ. ಆಮೇಲೆ ಗಾಡಿಗಳ ಕಾಲ. ಹುಲ್ಲು, ಸೌದೆ, ಮಡಕೆ ಹೊತ್ತ ಗಾಡಿಗಳು ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ನಡುವಿನ ಜಾಗ ಗಾಡಿ ತಿರುಗಿಸಲು. ಆಮೇಲೆ ಒಬ್ಬ ಅಧಿಕಾರಿಗೆ ಕಾರಂಜಿಯ ಕನಸು ಬಿತ್ತು. ಕಾರಂಜಿ ಕಟ್ಟಿದರು, ಉದ್ಘಾಟನೆಯ ದಿನ ಚಿಮ್ಮಿದ ನೀರು ನೇರವಾಗಿ ಉದ್ಘಾಟಕರ ಟೋಪಿಯ ಮೇಲೆ ಬಿತ್ತು, ಆಮೇಲೆ ಚಿಮ್ಮಲೇ ಇಲ್ಲ. ಒಣಗಿದ ಆ ತೊಟ್ಟಿಗೆ ಸೈಕಲ್ ಕಲಿಯುವವರು ಒಬ್ಬರಾದ ಮೇಲೊಬ್ಬರು ಗುದ್ದಿ ಗುದ್ದಿ ಕೊನೆಗೆ ಅದು ತಾನಾಗಿಯೇ ಶರಣಾಯಿತು. ಆಮೇಲೆ ಪ್ರತಿಮೆಗೆಂದು ಒಂದು ಪೀಠ ಬಂತು. ಯಾರ ಪ್ರತಿಮೆ ಎಂಬ ವಾದ ಮುಗಿಯುವ ಹೊತ್ತಿಗೆ ಸಮಿತಿಯ ಸದಸ್ಯರೇ ಪ್ರತಿಮೆಯಾಗುವಷ್ಟು ಹಿರಿಯರಾಗಿದ್ದರು. ಪೀಠವನ್ನು ಎಳೆದು ಅಂಚಿಗೆ ಹಾಕಿದರು. ಈಗ ಅದರ ಮೇಲೆ ಚಾಕು ಕತ್ತರಿಗೆ ಸಾಣೆ ಹಿಡಿಯುವವನು ಕೂರುತ್ತಾನೆ. ಪೀಠ ಏರಿದ ಮೇಲೂ ಕೆಲಸ ಮಾಡುವ ಇನ್ನೊಬ್ಬರನ್ನು ತಾವು ಕಂಡಿದ್ದರೆ ದಯಮಾಡಿ ತಿಳಿಸಿ.

ಹೀಗೆ ಬಂದದ್ದೆಲ್ಲ ಅಂಚಿಗೆ ಹೋಯಿತು, ನಡು ಉಳಿಯಿತು. ಯಾಕೆ ಉಳಿಯಿತು? ಯಾಕೆಂದರೆ ಈ ಊರಿನಲ್ಲಿ ಸೈಕಲ್ ಹೊಡೆಯುವ ಪ್ರತಿಯೊಬ್ಬರೂ ಅದನ್ನು ಕಲಿತದ್ದು ಆ ನಡುವಿನಲ್ಲೇ. ಅಂಚೆಯವನು, ಪೇಪರಿನವನು, ಹೆರಿಗೆ ಮಾಡಿಸುವ ದಾದಿ, ನಮ್ಮ ಬೀದಿಯ ಗಣಿತದ ಮೇಷ್ಟ್ರು, ಎಲ್ಲರ ಮೊಣಕಾಲಿನ ಚರ್ಮದಲ್ಲಿ ಒಂದಿಷ್ಟು ಆ ಕಲ್ಲುಹಾಸಿಗೆ ಸಂದಿದೆ. ಅದಕ್ಕೊಂದು ಪದ್ಧತಿಯೂ ಇದೆ. ಬೆಳಗಿನ ಹೊತ್ತು ಚೌಕದ ತುಂಬ ಜನ. ಚೆಂಡಾಟದವರು, ನಡಿಗೆಯವರು, ಸುಮ್ಮನೆ ಕೂರುವವರು, ಜಗಳ ಮುಂದುವರಿಸಲು ಬಂದವರು. ಅಷ್ಟರಲ್ಲಿ ಕಲಿಯುವವರೊಬ್ಬರು ಸೈಕಲ್ ತಳ್ಳಿಕೊಂಡು ಬಂದರೆ ಚಹಾದಂಗಡಿಯ ದೊಡ್ಡಮ್ಮ ಕೆಟಲಿನ ಮುಚ್ಚಳ ಬಡಿಯುತ್ತಾಳೆ. 'ಹೊಸಬ್ರು ಬಂದ್ರು, ಸರೀರಿ, ಸರೀರಿ!' ಅಷ್ಟೇ. ಚೆಂಡು ಕಂಕುಳಿಗೆ ಹೋಗುತ್ತದೆ. ನಡಿಗೆ ನಿಲ್ಲುತ್ತದೆ. ಜಗಳವಾಡುವವರು ಜಗಳವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಚಿಗೆ ಸರಿಯುತ್ತಾರೆ. ಇಡೀ ಬಯಲು ಕಲಿಯುವವರದು. ಇನ್ನೊಂದು ನಿಯಮ: ಬಿದ್ದವರು ತಾವೇ ನಗುವ ತನಕ ಬೇರೆ ಯಾರೂ ನಗಬಾರದು. ಅವರು ನಕ್ಕರೋ, ಆಮೇಲೆ ಎಲ್ಲರಿಗೂ ಮುಕ್ತ ಅವಕಾಶ. ಈ ಕಾನೂನನ್ನು ಯಾವ ಸಭೆಯೂ ಅಂಗೀಕರಿಸಿಲ್ಲ, ಯಾವ ಗೋಡೆಯ ಮೇಲೂ ಬರೆದಿಲ್ಲ, ಇದುವರೆಗೆ ಮುರಿದವರಿಲ್ಲ. ತಮ್ಮ ಇಲಾಖೆಯ 'ಇಲ್ಲಿ ಉಗುಳಬಾರದು' ಫಲಕಕ್ಕೆ ಅಂಥ ಭಾಗ್ಯ ಇನ್ನೂ ಒದಗಿ ಬಂದಿಲ್ಲ.

ಇನ್ನು ಅಕ್ಕನ ಕಥೆ. ಅಕ್ಕ ಭಾವ ಇಬ್ಬರದೂ ಒಂದು ಹೊಲಿಗೆ ಅಂಗಡಿ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಕತ್ತರಿಸುವುದು, ಹೊಲಿಯುವುದು ಅಕ್ಕ. ಕಾಜಾ, ಗುಂಡಿ, ಇಸ್ತ್ರಿ, ಗಿರಾಕಿಗಳ ಜೊತೆ ಹರಟೆ, ಇಷ್ಟು ಭಾವ. ಮದುವೆಯಾದ ದಿನದಿಂದ ಭಾವ ಸೈಕಲ್ ತುಳಿಯುವುದು, ಅಕ್ಕ ಹಿಂದೆ ಕ್ಯಾರಿಯರ್ ಮೇಲೆ ಒಂದೇ ಕಡೆಗೆ ಕಾಲು ಹಾಕಿ ಕೂತು, 'ನಿಧಾನ ರೀ, ಹಳ್ಳ ಇದೆ', 'ಎಡಕ್ಕೆ ರೀ, ಎಮ್ಮೆ ಇದೆ' ಎಂದು ದಾರಿಯುದ್ದಕ್ಕೂ ಆಜ್ಞೆ ಕೊಡುವುದು. ಕಳೆದ ವರ್ಷ ಭಾವನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಸೈಕಲ್ ತುಳಿಯುವುದು ಬೇಡ, ಬಸ್ಸಿನ ಮೆಟ್ಟಿಲು ಹತ್ತುವುದೂ ಬೇಡ ಎಂದರು. ನಡೆಯಲು ಅಂಗಡಿ ದೂರ, ದಿನವೂ ಆಟೋಗೆ ಕೊಡಲು ದುಡ್ಡಿಲ್ಲ. ಭಾವ ಮನೆಯಲ್ಲಿ, ಅಕ್ಕ ಅಂಗಡಿಯಲ್ಲಿ. ಅಂಗಿಗಳು ಗುಂಡಿಗಾಗಿ ಸಂಜೆ ಚೀಲದಲ್ಲಿ ಮನೆಗೆ ಬಂದು, ಬೆಳಿಗ್ಗೆ ಮತ್ತೆ ಅಂಗಡಿಗೆ ಹೋಗುತ್ತಿದ್ದವು. ಭಾವ ಒಬ್ಬನೇ ಕೂತು ಕಾಜಾ ಹೊಡೆಯುತ್ತಾ ಗೋಡೆಯ ಜೊತೆ ಮಾತಾಡಲು ಶುರುಮಾಡಿದ. 'ಗೋಡೆ ತಿರುಗಿ ಏನೂ ಅನ್ನಲ್ಲ ಕಣೋ, ಬಹಳ ಬೇಜಾರು' ಎಂದು ನನ್ನ ಹತ್ತಿರ ಹೇಳಿಕೊಂಡ. ನಗುತ್ತಲೇ ಹೇಳಿದ, ಆದರೆ ಅಂಗಿಯ ಮೇಲಿಂದ ಕಣ್ಣು ಎತ್ತಲಿಲ್ಲ.

ಒಂದು ದಿನ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದಳು.

'ನಾಳೆ ಬೆಳಿಗ್ಗೆ ಸೈಕಲ್ ತಗೊಂಡು ಚೌಕಕ್ಕೆ ಬಾ.'

'ಯಾಕಕ್ಕ?'

'ನಾನು ಕಲೀತೀನಿ. ಇಷ್ಟು ವರ್ಷ ಅವರು ನನ್ನ ಹೊತ್ತಿದ್ದಾರೆ. ಇನ್ಮೇಲೆ ಅವರು ಹಿಂದೆ ಕೂತ್ಕೊಳ್ಳಲಿ.'

'ಅರವತ್ತು ದಾಟಿದೆಯಲ್ಲಕ್ಕ!'

'ಅದಕ್ಕೇ ನಾಳೆ ಅಂದೆ. ಇಲ್ಲಾಂದ್ರೆ ಮುಂದಿನ ವಾರ ಅನ್ನುತ್ತಿದ್ದೆ.'

ಕಲಿತಳೇ? ಕಲಿತಳು, ಬಿದ್ದು ಬಿದ್ದು ಕಲಿತಳು. ಮೊದಲ ದಿನ ಸಾಣೆಯವನ ಪೀಠಕ್ಕೆ ಗುದ್ದಿದಳು. ಮರುದಿನ ಅದೇ ಪೀಠ, ಇನ್ನೊಂದು ಪಕ್ಕ. ಸಾಣೆಯವ ಚಕ್ರ ನಿಲ್ಲಿಸಿ, 'ಅಮ್ಮಾ, ಕತ್ತರಿ ಕೊಡೋಕೆ ಇಷ್ಟು ಜೋರಾಗಿ ಬರಬೇಕಾಗಿಲ್ಲ' ಎಂದ. ಅಕ್ಕ ನೆಲದ ಮೇಲೆ ಕೂತೇ ನಕ್ಕಳು. ಆಗ ಸುತ್ತಲೂ ಎದ್ದ ನಗೆಗೆ ಪಾರಿವಾಳಗಳು ಹಾರಿಹೋದವು. ನಾನು ಅಂಚಿನಲ್ಲಿ ನಿಂತು ನನ್ನ ದನಿಯಲ್ಲಿ ದಾರಿ ತೋರಿಸುತ್ತಿದ್ದೆ: 'ಅಕ್ಕಾ! ಮುಂದೆ ನೋಡು! ಹ್ಯಾಂಡಲ್ ಬಿಗಿ ಹಿಡೀಬೇಡ!' ಅಕ್ಕ ಬೆಚ್ಚಿಬಿದ್ದು ಸೈಕಲ್ ಸಮೇತ ಅಡ್ಡಬಿದ್ದಳು. ಎದ್ದು ಸೀರೆ ಕೊಡವುತ್ತಾ ಬಂದು, 'ಮುಂದೆ ನೋಡ್ಬೇಕೋ, ನಿನ್ನ ಗರ್ಜನೆ ಕೇಳ್ಬೇಕೋ, ಒಂದು ಹೇಳು' ಎಂದಳು. ಅಂದಿನಿಂದ ಅಲ್ಲಿ ನನಗೆ ಮೌನ ಪಾತ್ರ. ನಾಟಕದವರ ಮಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಆದರೂ ನಿಭಾಯಿಸಿದೆ.

ಅಕ್ಕ ಯಾರ ಕೈ ಆಸರೆಯೂ ಇಲ್ಲದೆ ಮೊದಲ ಬಾರಿ ಪೂರ್ತಿ ಒಂದು ಸುತ್ತು ಬಂದ ಬೆಳಿಗ್ಗೆಯೇ ತಮ್ಮ ಇಲಾಖೆಯ ಛಾಯಾಗ್ರಾಹಕರು ಕ್ಯಾಮೆರಾ ಹೊತ್ತು ನೀರಿನ ಟ್ಯಾಂಕಿನ ಮೇಲೆ ಹತ್ತಿದ್ದರು. ಮಾನ್ಯರೇ, ಆ ಬೆಳಿಗ್ಗೆ ಚೌಕ ಎಷ್ಟು ತುಂಬಿತ್ತು ಗೊತ್ತೇ? ಅಕ್ಕ ಇವತ್ತು ಸುತ್ತು ಮುಗಿಸುತ್ತಾಳೆ ಎಂದು ಊರಲ್ಲಿ ಸುದ್ದಿ ಹಬ್ಬಿತ್ತು. ಅವಳು ಹೊಲಿದ ಅಂಗಿ ತೊಟ್ಟವರೆಲ್ಲ ಅಂಗಿ ಸಮೇತ ಬಂದಿದ್ದರು. ಭಾವ ಊರುಗೋಲು ಹಿಡಿದು, ದೊಡ್ಡಮ್ಮ ಕೊಟ್ಟ ಸ್ಟೂಲಿನ ಮೇಲೆ ಕೂತು, ಅಕ್ಕ ತಿರುವಿನಲ್ಲಿ ವಾಲಿದಾಗಲೆಲ್ಲ ತಾನೂ ವಾಲುತ್ತಿದ್ದ. ಎಲ್ಲರೂ ಅಂಚಿಗೆ ಸರಿದಿದ್ದೆವು. ಒಬ್ಬರ ಮೈಗೊಬ್ಬರು ಒತ್ತಿಕೊಂಡು, ಉಸಿರು ಬಿಗಿಹಿಡಿದು, ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಯಾಕೆ? ನಡುವಿನಲ್ಲಿ ಒಬ್ಬಳು ಕಲಿಯುತ್ತಿದ್ದಳು, ಅದಕ್ಕೆ. ಛಾಯಾಗ್ರಾಹಕರು ಮೇಲಿಂದ ನೋಡಿದರು, ನಡುವೆ ಯಾರೂ ಕಾಣಲಿಲ್ಲ, ನಡುವಿನದನ್ನೇ ಚಿತ್ರ ತೆಗೆದರು. ಅವರ ತಪ್ಪೇನಿಲ್ಲ, ಅವರು ಬೇರೆ ಊರಿನವರಂತೆ, ಸೈಕಲ್ಲನ್ನು ಬೇರೆಲ್ಲೋ ಕಲಿತಿರಬೇಕು. ಆದರೆ ಇಡೀ ಊರು ಸೇರಿದ್ದ ಗಳಿಗೆಯನ್ನೇ ಆರಿಸಿ, 'ಬಳಕೆಯಿಲ್ಲದ ಖಾಲಿ ಜಾಗ' ಎಂದು ಬರೆಸಲು ಒಂದು ಇಲಾಖೆಯೇ ಬೇಕಾಗುತ್ತದೆ. ಬಿಡಿಬಿಡಿ ಮನುಷ್ಯರಿಂದ ಅದು ಸಾಧ್ಯವಿಲ್ಲ.

ಆ ಫಲಕ ನೋಡಿದ ಮೇಲೆ ಅಕ್ಕ, ಭಾವ, ನಾನು ತಮ್ಮ ಅಹವಾಲು ಸಭೆಗೆ ಬಂದಿದ್ದೆವು. ತಾವು ಮರೆತಿರಲಿಕ್ಕಿಲ್ಲ, ನಾನು 'ಮಾನ್ಯರೇ' ಎಂದ ಕೂಡಲೇ ತಮ್ಮ ಮೇಜಿನ ಮೇಲಿದ್ದ ನೀರಿನ ಲೋಟ ನಡುಗಿತು. ಅಕ್ಕ ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿ ತಾನೇ ಎದ್ದಳು. ಅಲ್ಲಿ ನಡೆದ ಮಾತುಕತೆ ತಮ್ಮ ನಡಾವಳಿಯಲ್ಲಿ 'ಸಾರ್ವಜನಿಕರು ಸಂತಸ ವ್ಯಕ್ತಪಡಿಸಿದರು' ಎಂದು ದಾಖಲಾಗಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತೇನೆ.

'ಆ ಫೋಟೋದಲ್ಲಿರೋದು ನಾನೇ ಸಾರ್.'

'ಹೌದಾ? ಒಳ್ಳೇದಮ್ಮ. ನೀವೇ ನೋಡಿ, ಅಷ್ಟು ದೊಡ್ಡ ಜಾಗದಲ್ಲಿ ನೀವೊಬ್ರೇ ಇದ್ದೀರಲ್ಲ.'

'ನಾನೊಬ್ಬಳೇ ಇರ್ಲಿ ಅಂತ ಎಲ್ರೂ ಪಕ್ಕಕ್ಕೆ ನಿಂತಿದ್ರು ಸಾರ್. ಇವರೂ ಇದ್ರು, ಇವನೂ ಇದ್ದ.'

'ಗುಡ್ಡದ ಸುತ್ತ ನಿಮಗೆ ಅಂತಾನೇ ಸೈಕಲ್ ದಾರಿ ಮಾಡ್ತಾ ಇದ್ದೀವಿ. ನೋಡಿ, ನಕ್ಷೆಯಲ್ಲಿ ಕೆಂಪು ಬಣ್ಣ.'

ಅಕ್ಕ ನಕ್ಷೆಯ ಮೇಲೆ ಬಗ್ಗಿ, ಬಟ್ಟೆ ಅಳೆಯುವ ಹಾಗೆ ಹೆಬ್ಬೆರಳು ಕಿರುಬೆರಳು ಚಾಚಿ ಅಳೆದಳು. 'ಒಂದು ಸೈಕಲ್ ಅಗಲ ಇದೆ ಸಾರ್.'

'ಒಂದು ಸೈಕಲ್ ಹೋಗೋಕೆ ಅಷ್ಟು ಸಾಕಲ್ಲಮ್ಮ?'

'ಬಲ್ಲವರಿಗೆ ಸಾಕು. ಕಲಿಯೋರು ನೆಟ್ಟಗೆ ಹೋಗಲ್ಲ ಸಾರ್. ನೆಟ್ಟಗೆ ಹೋಗೋಕೆ ಬಂದ್ರೆ ಇನ್ನು ಕಲಿಯೋದೇನಿದೆ? ಮೊದಲು ಎಲ್ಲಿ ಬೇಕಾದ್ರೂ ಹೋಗಬೇಕು. ಆಮೇಲೆ ಹೋಗಬೇಕಾದ ಕಡೆ ಹೋಗೋದು ಬರುತ್ತೆ.'

ತಾವು ಪೆನ್ನಿನ ಮುಚ್ಚಳ ತೆಗೆದಿರಿ, ಹಾಕಿದಿರಿ. ಆಗ ಅಕ್ಕ ಸಹಜವಾಗಿ ಕೇಳಿಬಿಟ್ಟಳು: 'ನಿಮಗೆ ಸೈಕಲ್ ಬರುತ್ತಲ್ಲ ಸಾರ್?'

ತಮ್ಮ ಜವಾನ ಕೆಮ್ಮಿದ. ತಾವು ಕಿಟಕಿಯ ಕಡೆ ನೋಡುತ್ತಾ, ಭಾವನಿಗೂ ನನಗೂ ಕೇಳಿಸದಿರಲಿ ಎಂಬ ಹಾಗೆ, 'ಇಲ್ಲಮ್ಮ. ಚಿಕ್ಕಂದಿನಲ್ಲಿ ಒಂದ್ಸಲ ಬಿದ್ದೆ. ಬೀದಿಯವರೆಲ್ಲ ನಕ್ಕರು. ಆಮೇಲೆ ಮುಟ್ಟಲಿಲ್ಲ' ಎಂದಿರಿ. ಕೂಡಲೇ ಗುಮಾಸ್ತರ ಕಡೆ ತಿರುಗಿ, 'ಇದನ್ನು ದಾಖಲೆಯಲ್ಲಿ ಬರೆಯಬೇಡಿ' ಎಂದಿರಿ. ಅವರು ಬರೆಯಲಿಲ್ಲ. ಸರ್ಕಾರಿ ದಾಖಲೆಯ ಪಾವಿತ್ರ್ಯವನ್ನು ನಾನೂ ಕಾಪಾಡುತ್ತೇನೆ, ಪತ್ರಿಕೆಯಲ್ಲಷ್ಟೇ ಬರೆಯುತ್ತಿದ್ದೇನೆ. ಕೋಪ ಬೇಡ. ಅದನ್ನು ಕೇಳಿದಾಗ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿದುಹೋಯಿತು. ಉಳಿದರ್ಧದಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ಅಕ್ಕ ಒಬ್ಬಳೇ ಹೋಗುವುದನ್ನು ಕಲಿತಾಯಿತು. ಆದರೆ ಅವಳು ಕಲಿಯಲು ಹೊರಟದ್ದು ಅದನ್ನಲ್ಲವಲ್ಲ! ಹಿಂದೆ ಭಾವನನ್ನು ಕೂರಿಸಿಕೊಂಡು ಹೋಗಬೇಕು. ಎಲ್ಲರಿಗೂ ಗೊತ್ತಿರುವ ಹಾಗೆ, ಹಿಂದೆ ಭಾರ ಕೂತರೆ ಅದು ಬೇರೆಯೇ ಸೈಕಲ್ಲು. ಹ್ಯಾಂಡಲ್ ಬೇರೆ, ತಿರುವು ಬೇರೆ, ಬ್ರೇಕು ಬೇರೆ. ಈಗ ಅಂಗಡಿಯಲ್ಲಿ ಉಳಿದ ಬಟ್ಟೆಚೂರುಗಳನ್ನೆಲ್ಲ ತುಂಬಿ, ತೂಕ ಸಾಲದ್ದಕ್ಕೆ ನಡುವೆ ಎರಡು ಇಸ್ತ್ರಿ ಪೆಟ್ಟಿಗೆ ಸೇರಿಸಿ, ಒಂದು ಮೂಟೆ ಕಟ್ಟಿ ಕ್ಯಾರಿಯರ್ ಮೇಲೆ ಬಿಗಿದಿದ್ದಾಳೆ. ಚೌಕದಲ್ಲಿ ಆ ಮೂಟೆಗೆ 'ಚಿಕ್ಕ ಭಾವ' ಎಂದು ಹೆಸರು ಬಿದ್ದಿದೆ. 'ಮೂಟೆ ಬಾಯಿ ತೆಗೆಯಲ್ಲ, ಹಳ್ಳ ಬಂದ್ರೆ ಕಿರುಚಲ್ಲ, ಬಹಳ ಒಳ್ಳೆ ಗಂಡಸು' ಎನ್ನುತ್ತಾಳೆ ಅಕ್ಕ. 'ಹಾಗಾದ್ರೆ ಮೂಟೆ ಕೈಲೇ ಕಾಜಾ ಹೊಡೆಸ್ಕೋ' ಎನ್ನುತ್ತಾನೆ ಭಾವ. ಬಹಳ ದಿನಗಳ ಮೇಲೆ ಅವನು ಮತ್ತೆ ಮನುಷ್ಯರ ಜೊತೆ ಜಗಳವಾಡುತ್ತಿದ್ದಾನೆ.

ಬರುವ ಭಾನುವಾರ ಬೆಳಿಗ್ಗೆ ಮೂಟೆ ಇಳಿದು ಭಾವ ಹತ್ತುತ್ತಾನೆ. ಅಂದೇ ಸಲೀಸಾಗಿ ಬರುತ್ತದೆಯೆಂದು ನಾನು ಹೇಳಲಾರೆ. ಬೀಳಬಹುದು, ಇನ್ನೂ ಕೆಲವು ಬೆಳಗುಗಳು ಬೇಕಾಗಬಹುದು. ಮೊಣಕಾಲು ಕೆಟ್ಟ ಗಂಡನನ್ನು ಹಿಂದೆ ಕೂರಿಸಿಕೊಂಡು ಲಾರಿ ಬಸ್ಸುಗಳ ನಡುವೆ, ಏರು ಇಳಿಜಾರಿನ ಬೀದಿಯಲ್ಲಿ ಅಭ್ಯಾಸ ಮಾಡಲಾಗುತ್ತದೆಯೇ? ಸೋಮವಾರ ತಮ್ಮ ಮಣ್ಣು ಬಂದು ಬಿದ್ದರೆ ಅಕ್ಕ ಅಂಗಡಿಯಲ್ಲಿ, ಭಾವ ಗೋಡೆಯ ಮುಂದೆ. ಅಲ್ಲಿಗೆ ಕಥೆ ಮುಗಿಯಿತು. ಒಂದು ಗುಡ್ಡಕ್ಕೆ ಇಷ್ಟು ಬೆಲೆ ಹೆಚ್ಚಾಯಿತು ಅನಿಸುವುದಿಲ್ಲವೇ?

ಆದ್ದರಿಂದ ನನ್ನ ಬೇಡಿಕೆ. ದನಿ ಏರಿಸುತ್ತಿದ್ದೇನೆ, ಕಿಟಕಿಯ ಗಾಜು ಹಿಡಿದುಕೊಳ್ಳಿ. ಗುಡ್ಡವನ್ನು ಕೈಬಿಡಿ! ಚೌಕದ ನಡುವನ್ನು ಇದ್ದ ಹಾಗೆ ಬಿಡಿ! ಹಣ ಮಂಜೂರಾಗಿದೆ, ಏನಾದರೂ ಮಾಡಲೇಬೇಕು ಎಂಬುದು ತಮ್ಮ ಕಷ್ಟವಾದರೆ ಅಂಚಿನಲ್ಲಿ ಮಾಡಿ. ಅಂಚಿನಲ್ಲಿ ನೆರಳಿಲ್ಲ, ಮರ ನೆಡಿ. ಅಂಚಿನಲ್ಲಿ ಕೂರಲು ಜಾಗವಿಲ್ಲ, ಕಲ್ಲುಬೆಂಚು ಹಾಕಿ. ಕುಡಿಯುವ ನೀರಿನ ಒಂದು ನಲ್ಲಿ ಹಾಕಿ, ಮಂಡಿ ತೊಳೆದುಕೊಳ್ಳಲೂ ಆಗುತ್ತದೆ. ನಾವು ನಿಲ್ಲುವುದು ಅಲ್ಲಿಯೇ. ಮತ್ತು ಆ ಫಲಕದ ಕೆಳಗಿನ ಬರಹವನ್ನು ಅಳಿಸಿ. ಬಣ್ಣ, ಕುಂಚ ನನ್ನವು, ಬಿಟ್ಟಿ ಸೇವೆ.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು, ಸೂಜಿಗೆ ದಾರ ಪೋಣಿಸಿದಳು, ಆಮೇಲೆ ಕೇಳಿದಳು: 'ಎಲ್ಲಾ ಸರಿ, ಅವರನ್ನ ಕರೆದಿದ್ದೀಯಾ?'

'ಎಲ್ಲಿಗೆ?'

'ಭಾನುವಾರ ಚೌಕಕ್ಕೆ ಕಣೋ. ಪಾಪ, ಅಷ್ಟು ದೊಡ್ಡ ಆಫೀಸರು, ಸೈಕಲ್ ಬರಲ್ಲ. ನಮ್ಮದೊಂದು ಸುತ್ತು ಆದ ಮೇಲೆ ಇವರನ್ನ ಇಳಿಸಿ ಸೈಕಲ್ ಅವರಿಗೇ ಕೊಡ್ತೀನಿ. ಉದ್ದ ಇದ್ದಾರೆ, ಸೀಟು ಸ್ವಲ್ಪ ಮೇಲೆತ್ತಬೇಕು. ಪ್ಯಾಂಟಿನ ಕಾಲು ಮಡಚಿಕೊಂಡು ಬರೋಕೆ ಹೇಳು, ಚೈನಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಹರಿದರೂ ಹೆದರಬೇಡಿ ಅನ್ನು, ನಾನೇ ಹೊಲಿದು ಕೊಡ್ತೀನಿ.'

ಇಂತಿ,
ಇದಕ್ಕಿಂತ ಖಾರವಾಗಿ ಬರೆದಿದ್ದನ್ನು ಅಕ್ಕನ ಅಪ್ಪಣೆಯ ಮೇರೆಗೆ ಎರಡು ಸಲ ಹರಿದುಹಾಕಿದ,
ಊರಿನ ಒಬ್ಬ ಪರದೆ ಬರೆಯುವವನು